ನವೆಂಬರ್ 2ರ ಗೆರೆ: ಅಮೆರಿಕದ ಆಸ್ಪತ್ರೆಗಳು ಲಾಬಿ ಮಾಡುವ ಬಗೆ

2015ರ ನವೆಂಬರ್ 2. ಅಮೆರಿಕದ ಆಸ್ಪತ್ರೆಗಳಲ್ಲಿ ಲೆಕ್ಕಪತ್ರ ನೋಡುವವರಿಗೆ ಈ ದಿನಾಂಕ ಚೆನ್ನಾಗಿ ಗೊತ್ತು. ಅವತ್ತು ಹೇಳಿಕೊಳ್ಳುವಂಥ ದೊಡ್ಡ ಘಟನೆಯೇನೂ ನಡೆಯಲಿಲ್ಲ. ಅಧ್ಯಕ್ಷ ಬರಾಕ್ ಒಬಾಮ ಒಂದು ಬಜೆಟ್ ಮಸೂದೆಗೆ ಸಹಿ ಹಾಕಿದರು, ಅಷ್ಟೇ. ಆದರೆ ಅದರ 603ನೇ ಸೆಕ್ಷನ್ ಒಂದು ಗೆರೆ ಎಳೆಯಿತು. ಗೆರೆಯ ಈಚೆಗಿದ್ದವರಿಗೆ ಹಳೇ ದರ, ಆಚೆಗಿದ್ದವರಿಗೆ ಕಡಿಮೆ ದರ.

ಏನಿದು ದರದ ಕಥೆ? ಅಮೆರಿಕದಲ್ಲಿ 65 ದಾಟಿದವರಿಗೆ ಸರ್ಕಾರ ಕೊಡುವ ವಿಮೆಯ ಹೆಸರು ಮೆಡಿಕೇರ್. ಒಬ್ಬ ಡಾಕ್ಟರು ತಮ್ಮ ಸ್ವಂತ ಕ್ಲಿನಿಕ್‌ನಲ್ಲಿ ಔಷಧಿಯ ಡ್ರಿಪ್ ಹಾಕಿದರೆ ಮೆಡಿಕೇರ್ ಒಂದು ದರ ಕೊಡುತ್ತಿತ್ತು. ಅದೇ ಕ್ಲಿನಿಕ್ಕನ್ನು ಆಸ್ಪತ್ರೆ ಕೊಂಡುಕೊಂಡು, ಬೋರ್ಡ್ ಬದಲಿಸಿ, ‘ಇದು ನಮ್ಮ ಹೊರರೋಗಿ ವಿಭಾಗ’ ಅಂದರೆ ದರ ಜಾಸ್ತಿಯಾಗುತ್ತಿತ್ತು. ಅದೇ ಡಾಕ್ಟರು, ಅದೇ ಕೋಣೆ, ಅದೇ ಸೂಜಿ. ರೋಗಿ ಸಾಮಾನ್ಯವಾಗಿ ಈ ದರದ ಶೇ 20ರಷ್ಟನ್ನು ತಾನೇ ಕಟ್ಟಬೇಕು. ಹಾಗಾಗಿ ಅವನ ಪಾಲೂ ಏರುತ್ತಿತ್ತು. ಆಸ್ಪತ್ರೆಗಳು ಸುತ್ತಮುತ್ತಲಿನ ಕ್ಲಿನಿಕ್‌ಗಳನ್ನು ಕೊಳ್ಳಲು ಮುಗಿಬಿದ್ದದ್ದಕ್ಕೆ ಇದೂ ಒಂದು ಕಾರಣ.

603ನೇ ಸೆಕ್ಷನ್ ಇದನ್ನು ತಡೆಯಲು ಬಂತು. ಮುಖ್ಯ ಆಸ್ಪತ್ರೆಯಿಂದ 250 ಗಜಕ್ಕಿಂತ ದೂರ ಇರುವ ಹೊಸ ಹೊರರೋಗಿ ವಿಭಾಗಗಳಿಗೆ ಇನ್ನು ಹಳೇ ದರ ಇಲ್ಲ ಎಂದಿತು. ಹೊಸದು ಅಂದರೆ ಯಾವುದು? ಮಸೂದೆಗೆ ಸಹಿ ಬಿದ್ದ ದಿನಕ್ಕಿಂತ ಮೊದಲು ಬಿಲ್ ಮಾಡಿರದೆ ಇದ್ದದ್ದು. ಆ ಹೊತ್ತಿಗೆ ಬಿಲ್ ಮಾಡುತ್ತಿದ್ದವರೆಲ್ಲ ಬಚಾವ್. ಅಂದರೆ ಸಮಸ್ಯೆ ಯಾವ ಕ್ಲಿನಿಕ್‌ಗಳಲ್ಲಿ ಆಗಲೇ ಇತ್ತೋ, ಅಲ್ಲಿ ಅದು ಹಾಗೇ ಉಳಿಯಿತು. ತುರ್ತು ಚಿಕಿತ್ಸಾ ವಿಭಾಗಗಳಿಗೆ ವಿನಾಯಿತಿ ಸಿಕ್ಕಿತು.

ಅಲ್ಲಿಗೂ ಮುಗಿಯಲಿಲ್ಲ. ‘ನಮ್ಮ ಕಟ್ಟಡ ಅರ್ಧ ಎದ್ದಿತ್ತು, ನಮ್ಮ ಗತಿ ಏನು?’ ಎಂದು ಹಲವು ಆಸ್ಪತ್ರೆಗಳು ವಾಷಿಂಗ್ಟನ್ನಿನ ಬಾಗಿಲು ತಟ್ಟಿದವು. 2016ರ ಡಿಸೆಂಬರ್‌ನಲ್ಲಿ ಬಂದ ಇನ್ನೊಂದು ಕಾಯ್ದೆ, ಅಂಥ ಅರ್ಧ ಕಟ್ಟಿದ ಕಟ್ಟಡಗಳನ್ನೂ ಗೆರೆಯ ಈಚೆಗೆ ಎಳೆದುಕೊಂಡಿತು. ಕೆಲವು ಕ್ಯಾನ್ಸರ್ ಆಸ್ಪತ್ರೆಗಳಿಗೂ ಅದರಲ್ಲೇ ವಿನಾಯಿತಿ ಸಿಕ್ಕಿತು. ಹೊಸ ಔಷಧಗಳ ಸಂಶೋಧನೆಯ ಹೆಸರಿನಲ್ಲಿ ಬಂದ ದಪ್ಪ ಕಾಯ್ದೆ ಅದು. ಅದರೊಳಗೆ ಈ ಸಣ್ಣ ಪ್ಯಾರಾ ಹುಡುಕಲು ಹೋದರೆ ಕಣ್ಣು ನೋವು ಬರುತ್ತದೆ.

ಲಾಬಿ ಅಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಹಣದ ಚೀಲ, ಕತ್ತಲ ಕೋಣೆ, ಗುಸುಗುಸು ಮಾತು. ಆಸ್ಪತ್ರೆಗಳ ಲಾಬಿಯ ನಿಜವಾದ ಕೈಚಳಕ ಇರೋದು ಬೇರೆ ಕಡೆ. ಒಂದು ದಿನಾಂಕದಲ್ಲಿ, ಒಂದು ವಿನಾಯಿತಿಯಲ್ಲಿ, ಮುಂದೂಡಿಕೆಯ ಒಂದು ಸಾಲಿನಲ್ಲಿ.

ಯಾರಿವರು?

2023ರಲ್ಲಿ ಅಮೆರಿಕ ಆರೋಗ್ಯಕ್ಕೆ ಖರ್ಚು ಮಾಡಿದ್ದು ಸುಮಾರು 4.9 ಲಕ್ಷ ಕೋಟಿ ಡಾಲರ್. ಅದರಲ್ಲಿ ಸುಮಾರು 1.5 ಲಕ್ಷ ಕೋಟಿ ಹೋದದ್ದು ಆಸ್ಪತ್ರೆಗಳಿಗೆ. ಔಷಧಿ ಅಂಗಡಿಯ ಬಿಲ್ಲಿಗಿಂತ, ಡಾಕ್ಟರ ಫೀಸಿಗಿಂತ ಇದೇ ದೊಡ್ಡ ಪಾಲು. ಇದರಲ್ಲಿ ದೊಡ್ಡ ಪಾಲು ಮೆಡಿಕೇರ್‌ನಿಂದ ಮತ್ತು ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನಿಂದ ಬರುತ್ತದೆ, ಉಳಿದದ್ದು ಹೆಚ್ಚಾಗಿ ಖಾಸಗಿ ವಿಮೆಯಿಂದ. ಅಂದರೆ ಆಸ್ಪತ್ರೆಯ ಆದಾಯದ ದೊಡ್ಡ ಭಾಗ ಎಷ್ಟಿರಬೇಕು ಅನ್ನೋದು ಕಾನೂನಿನಲ್ಲೇ ಬರೆದಿರುತ್ತದೆ. ದರ ಶೇ 1ರಷ್ಟು ಆಚೀಚೆ ಆದರೂ ಬಜೆಟ್ ಅಲ್ಲಾಡುತ್ತದೆ. ಹೀಗಿರುವಾಗ ಕಾನೂನು ಬರೆಯುವವರ ಬಳಿ ಹೋಗದೆ ಸುಮ್ನೆ ಕೂರಲು ಯಾವ ಆಸ್ಪತ್ರೆಗೆ ತಾನೇ ಆಗುತ್ತದೆ?

ಹೋಗುವವರಲ್ಲಿ ಹಿರಿಯಣ್ಣ ಅಮೆರಿಕನ್ ಹಾಸ್ಪಿಟಲ್ ಅಸೋಸಿಯೇಷನ್. 1898ರಲ್ಲಿ ಹುಟ್ಟಿದ್ದು, ಕೇಂದ್ರ ಕಚೇರಿ ಶಿಕಾಗೊದಲ್ಲಿ. ವರ್ಷಕ್ಕೆ ಲಾಬಿಗೆಂದೇ 2 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡುತ್ತದೆ. ಲಾಭಕ್ಕಾಗಿ ನಡೆಯುವ ಆಸ್ಪತ್ರೆಗಳಿಗೆ ಬೇರೆ ಸಂಘ ಇದೆ. ಕ್ಯಾಥೊಲಿಕ್ ಆಸ್ಪತ್ರೆಗಳಿಗೆ, ಮಕ್ಕಳ ಆಸ್ಪತ್ರೆಗಳಿಗೆ, ಬಡವರೇ ಹೆಚ್ಚು ಬರುವ ಸಾರ್ವಜನಿಕ ಆಸ್ಪತ್ರೆಗಳಿಗೆ ಒಂದೊಂದು. ಪ್ರತಿ ರಾಜ್ಯಕ್ಕೂ ಒಂದೊಂದು.

ಇದೆಲ್ಲ ಕಾನೂನುಬದ್ಧ. ಸರ್ಕಾರದ ಮುಂದೆ ಅಹವಾಲು ಇಡುವ ಹಕ್ಕನ್ನು ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿಯೇ ಕೊಟ್ಟಿದೆ. 1995ರ ಲಾಬಿ ಬಹಿರಂಗ ಕಾಯ್ದೆಯ ಪ್ರಕಾರ ಲಾಬಿಗಾರರು ಹೆಸರು ನೋಂದಾಯಿಸಬೇಕು. 2007ರ ತಿದ್ದುಪಡಿ ಆದ ಮೇಲೆ, ಯಾವ ಯಾವ ವಿಷಯಕ್ಕೆ ಲಾಬಿ ಮಾಡಿದರು, ಒಟ್ಟು ಎಷ್ಟು ಖರ್ಚಾಯಿತು ಎಂದು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ಇದು ಒಳ್ಳೆಯ ವ್ಯವಸ್ಥೆಯೇ.

ಆದರೆ ಒಂದು ದೊಡ್ಡ ತೂತು ಇದೆ. ಒಬ್ಬ ಗಿರಾಕಿಗಾಗಿ ಮಾಡುವ ಕೆಲಸದಲ್ಲಿ ಶೇ 20ಕ್ಕಿಂತ ಕಡಿಮೆ ಸಮಯ ಲಾಬಿಗೆ ಹೋದರೆ ಅವನು ಲಾಬಿಗಾರ ಅಲ್ಲ. ಒಂದು ಆಸ್ಪತ್ರೆಯ ಮುಖ್ಯಸ್ಥರು ವರ್ಷಕ್ಕೆ ಎರಡು ಸಲ ವಾಷಿಂಗ್ಟನ್ನಿಗೆ ಹಾರಿ, ತಮ್ಮ ಕ್ಷೇತ್ರದ ಸದಸ್ಯರ ಜೊತೆ ಅರ್ಧ ಗಂಟೆ ಮಾತಾಡಿ ಬಂದರೆ ಅವರ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ನನ್ನ ಪ್ರಕಾರ ನೋಂದಾಯಿತ ಲಾಬಿಗಾರರು ಹತ್ತು ಮಂದಿ ಸೇರಿ ಮಾಡಲಾಗದ ಕೆಲಸವನ್ನು ಆ ಅರ್ಧ ಗಂಟೆ ಮಾಡುತ್ತದೆ.

ಯಾಕೆ ಅಂತೀರಾ? ಲೆಕ್ಕ ಹಾಕಿ ನೋಡಿ. ಕಾಂಗ್ರೆಸ್ ಅಂದರೆ ಅಲ್ಲಿನ ಸಂಸತ್ತು. ಅದರ ಕೆಳಮನೆಯಲ್ಲಿ 435 ಕ್ಷೇತ್ರಗಳು. ದೇಶದಲ್ಲಿ ಆಸ್ಪತ್ರೆಗಳು 6,000ಕ್ಕೂ ಹೆಚ್ಚು. ಒಂದೂ ಆಸ್ಪತ್ರೆ ಇಲ್ಲದ ಕ್ಷೇತ್ರ ಹುಡುಕುವುದು ಕಷ್ಟ. ಔಷಧಿ ಕಂಪನಿಗಳ ಕಾರ್ಖಾನೆ ಕೆಲವೇ ಕ್ಷೇತ್ರಗಳಲ್ಲಿ ಇರುತ್ತದೆ. ವಿಮಾ ಕಂಪನಿ ಎಲ್ಲಿದೆಯೋ ಜನರಿಗೆ ಗೊತ್ತೇ ಇರುವುದಿಲ್ಲ. ಆಸ್ಪತ್ರೆ ಹಾಗಲ್ಲ. ಎಷ್ಟೋ ಊರುಗಳಲ್ಲಿ ಅತಿ ಹೆಚ್ಚು ಜನಕ್ಕೆ ಸಂಬಳ ಕೊಡುವ ಸಂಸ್ಥೆಯೇ ಅದು. ಅದರ ಆಡಳಿತ ಮಂಡಳಿಯಲ್ಲಿ ಊರಿನ ಬ್ಯಾಂಕಿನವರು, ವಕೀಲರು, ಕಾರು ಮಾರುವವರು ಕೂತಿರುತ್ತಾರೆ. ಸದಸ್ಯರ ಮಕ್ಕಳು ಹುಟ್ಟಿದ್ದೂ ಅಲ್ಲೇ ಇರಬಹುದು. ಅಂಥ ಆಸ್ಪತ್ರೆಯ ಮುಖ್ಯಸ್ಥರು ಬಂದು ‘ಈ ಮಸೂದೆ ಪಾಸಾದರೆ ನಮ್ಮ ಹೆರಿಗೆ ವಾರ್ಡ್ ಮುಚ್ಚಬೇಕಾಗುತ್ತದೆ’ ಅಂದರೆ ಯಾವ ಪಕ್ಷದವರಾದರೂ ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ಇದು ಬರೀ ಬೆದರಿಕೆಯ ಮಾತೂ ಅಲ್ಲ. 2010ರಿಂದ ಈಚೆಗೆ ಹಳ್ಳಿಗಾಡಿನ 100ಕ್ಕೂ ಹೆಚ್ಚು ಆಸ್ಪತ್ರೆಗಳು ಬಾಗಿಲು ಹಾಕಿವೆ, ಇಲ್ಲವೇ ರೋಗಿಗಳನ್ನು ದಾಖಲು ಮಾಡಿಕೊಳ್ಳುವುದನ್ನು ನಿಲ್ಲಿಸಿವೆ. ತೊಂದರೆ ಏನೆಂದರೆ, ದೊಡ್ಡ ನಗರದ ಶ್ರೀಮಂತ ಆಸ್ಪತ್ರೆ ಸರಪಳಿಯೂ ತನ್ನ ವಾದಕ್ಕೆ ಮುಂದೆ ನಿಲ್ಲಿಸುವುದು ಇದೇ 25 ಹಾಸಿಗೆಯ ಹಳ್ಳಿ ಆಸ್ಪತ್ರೆಯನ್ನು. ಯಾವುದು ಯಾರ ಕಷ್ಟ ಅಂತ ಬೇರ್ಪಡಿಸಿ ನೋಡುವ ಪುರುಸೊತ್ತು ಸದಸ್ಯರಿಗೆ ಇರುವುದಿಲ್ಲ.

ಹಣ ಲೆಕ್ಕಕ್ಕಿಲ್ಲ ಅಂತಲ್ಲ. ಅಲ್ಲಿನ ಸಮುದಾಯ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲಾಭರಹಿತ ಸಂಸ್ಥೆಗಳು. ಅವು ಚುನಾವಣಾ ಪ್ರಚಾರಕ್ಕೆ ಬಿಡಿಗಾಸೂ ಕೊಡುವಂತಿಲ್ಲ. ಮಿತಿಯೊಳಗೆ ಲಾಬಿ ಮಾಡಬಹುದು, ಅಷ್ಟೇ. ಆದರೆ ಸಂಘದ ರಾಜಕೀಯ ನಿಧಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರ್ ತನಕ ಕೊಡಬಹುದು. ಅಧಿಕಾರಿಗಳು ತಮ್ಮ ಜೇಬಿನಿಂದಲೂ ಕೊಡಬಹುದು.

ಮುಂದೂಡುವ ಕಲೆ

2009ರ ಜುಲೈ. ಒಬಾಮ ಅವರ ಆರೋಗ್ಯ ಸುಧಾರಣೆ ಇನ್ನೂ ಕರಡಿನಲ್ಲಿತ್ತು. ಉಪಾಧ್ಯಕ್ಷ ಜೋ ಬೈಡನ್ ಪಕ್ಕದಲ್ಲಿ ನಿಂತು ಮೂರು ಆಸ್ಪತ್ರೆ ಸಂಘಗಳು ಒಂದು ಒಪ್ಪಂದ ಪ್ರಕಟಿಸಿದವು. ಹತ್ತು ವರ್ಷದಲ್ಲಿ ಸರ್ಕಾರದಿಂದ ಬರಬೇಕಾದದ್ದರಲ್ಲಿ 15,500 ಕೋಟಿ ಡಾಲರ್ ಬಿಟ್ಟುಕೊಡುತ್ತೇವೆ ಅಂದವು. ಇಷ್ಟು ಉದಾರತೆ ಯಾಕೆ? ಲೆಕ್ಕ ಸರಳ. ವಿಮೆ ಇಲ್ಲದೆ ಬರುವ ರೋಗಿಗಳಿಂದ ಆಸ್ಪತ್ರೆಗೆ ನಷ್ಟ. ಸುಧಾರಣೆ ಬಂದು ಎಲ್ಲರಿಗೂ ವಿಮೆ ಸಿಕ್ಕರೆ ಆ ನಷ್ಟ ತಪ್ಪುತ್ತದೆ. ಬಡರೋಗಿಗಳು ಜಾಸ್ತಿ ಬರುವ ಆಸ್ಪತ್ರೆಗಳಿಗೆ ಕೊಡುತ್ತಿದ್ದ ವಿಶೇಷ ಸಹಾಯಧನವನ್ನು ಆಮೇಲೆ ಇಳಿಸಬಹುದು. 2010ರ ಕಾಯ್ದೆಯಲ್ಲಿ ಹಾಗೇ ಬರೆದರು. ಮೆಡಿಕೇಡ್‌ನ ಈ ಸಹಾಯಧನದ ಕಡಿತ 2014ರಿಂದ ಶುರುವಾಗಬೇಕಿತ್ತು.

2012ರಲ್ಲಿ ಸುಪ್ರೀಂ ಕೋರ್ಟು ಒಂದು ತಿರುವು ಕೊಟ್ಟಿತು. ಮೆಡಿಕೇಡನ್ನು ಇನ್ನಷ್ಟು ಬಡವರಿಗೆ ವಿಸ್ತರಿಸಲೇಬೇಕು ಎಂದು ರಾಜ್ಯಗಳನ್ನು ಬಲವಂತ ಮಾಡುವಂತಿಲ್ಲ ಎಂದಿತು. ಹಲವು ರಾಜ್ಯಗಳು ಹಿಂದೆ ಸರಿದವು. ಆಸ್ಪತ್ರೆಗಳ ಕೈಯಿಂದ ಕೊಟ್ಟದ್ದು ಹೋಯಿತು, ಬರಬೇಕಾದದ್ದು ಪೂರ್ತಿ ಬರಲಿಲ್ಲ. ‘ಕಡಿತ ಮುಂದೂಡಿ’ ಎಂದು ಅವು ಕೇಳಿದ್ದರಲ್ಲಿ ನ್ಯಾಯ ಇತ್ತು.

ಕಾಂಗ್ರೆಸ್ ಮುಂದೂಡಿತು. ಮತ್ತೆ ಮುಂದೂಡಿತು. ಒಂದು ಡಜನ್‌ಗಿಂತ ಹೆಚ್ಚು ಸಲ ಮುಂದೂಡಿತು. ಸರ್ಕಾರಿ ಕೆಲಸ ನಿಲ್ಲದಂತೆ ಕೊನೇ ಗಳಿಗೆಯಲ್ಲಿ ಪಾಸು ಮಾಡುವ ಖರ್ಚಿನ ಮಸೂದೆಗಳ ಬಾಲಕ್ಕೆ ಇದನ್ನು ಕಟ್ಟುವುದು ವಾಡಿಕೆಯಾಯಿತು. 2025ರ ನವೆಂಬರ್‌ನಲ್ಲಿ 43 ದಿನದ ಸರ್ಕಾರಿ ಬಂದ್ ಮುಗಿಸಿದ ಮಸೂದೆಯಲ್ಲೂ ಈ ಸಾಲು ಇತ್ತು. ಆಗ ಇಟ್ಟ ಹೊಸ ಗಡುವು 2026ರ ಜನವರಿ 30. ಕಡಿತ ಜಾರಿಯಾದರೆ ಹೋಗುವುದು ವರ್ಷಕ್ಕೆ ಸುಮಾರು 800 ಕೋಟಿ ಡಾಲರ್.

ಮುಂದೂಡಿಕೆ ಎಲ್ಲರಿಗೂ ಅನುಕೂಲ. ಕಡಿತ ಕಾಗದದ ಮೇಲೆ ಉಳಿದಿರುವುದರಿಂದ ಬಜೆಟ್ ಲೆಕ್ಕ ಚಂದ ಕಾಣುತ್ತದೆ. ಸದಸ್ಯರು ಪ್ರತಿ ಸಲವೂ ಊರಿಗೆ ಹೋಗಿ ‘ನಿಮ್ಮ ಆಸ್ಪತ್ರೆ ಉಳಿಸಿದೆ’ ಅನ್ನಬಹುದು. ಲಾಬಿಗಾರರಿಗೂ ಪ್ರತಿ ವರ್ಷ ಕೆಲಸ ಇರುತ್ತದೆ, ಅಲ್ವಾ? ಸಮಸ್ಯೆಯನ್ನು ಪೂರ್ತಿ ಬಗೆಹರಿಸಿಬಿಟ್ಟರೆ ಇಷ್ಟು ಜನರಿಗೆ ಇಷ್ಟು ಸಂತೋಷ ಸಿಗುತ್ತಿರಲಿಲ್ಲ.

‘ನಮಗೆ ತೆರಿಗೆ ಹಾಕಿ’

2025ರ ಬೇಸಿಗೆಯಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ವಿಚಿತ್ರ ದೃಶ್ಯ. ತೆರಿಗೆ ಇಳಿಸಬೇಡಿ ಎಂದು ತೆರಿಗೆ ಕಟ್ಟುವವರೇ ಅಂಗಲಾಚುತ್ತಿದ್ದರು.

ಇದು ಅರ್ಥವಾಗಬೇಕಾದರೆ ಸ್ವಲ್ಪ ಗಣಿತ ಬೇಕು. ಮೆಡಿಕೇಡ್ ಖರ್ಚನ್ನು ರಾಜ್ಯ ಮತ್ತು ಕೇಂದ್ರ ಹಂಚಿಕೊಳ್ಳುತ್ತವೆ. ಕೇಂದ್ರದ ಪಾಲು ಕನಿಷ್ಠ ಶೇ 50, ಬಡ ರಾಜ್ಯಗಳಿಗೆ ಇನ್ನೂ ಜಾಸ್ತಿ. ಕೇಂದ್ರ ಶೇ 60 ಕೊಡುವ ಒಂದು ರಾಜ್ಯ ಇದೆ ಅಂದುಕೊಳ್ಳಿ. ರಾಜ್ಯ ಸರ್ಕಾರ ಆಸ್ಪತ್ರೆಗಳಿಂದ 100 ಡಾಲರ್ ತೆರಿಗೆ ಎತ್ತುತ್ತದೆ. ಅದನ್ನು ತನ್ನ ಶೇ 40ರ ಪಾಲು ಎಂದು ತೋರಿಸಿದರೆ ಕೇಂದ್ರದಿಂದ 150 ಬರುತ್ತದೆ. ಒಟ್ಟು 250 ಡಾಲರ್, ಮೆಡಿಕೇಡ್ ದರ ಏರಿಸುವ ಮೂಲಕ ಆಸ್ಪತ್ರೆಗಳಿಗೇ ವಾಪಸ್. ಕಟ್ಟಿದ್ದು 100, ಬಂದದ್ದು 250. ರಾಜ್ಯದ ಖಜಾನೆಗೆ ಒಂದು ಡಾಲರೂ ಖರ್ಚಿಲ್ಲ. ಅಲಾಸ್ಕ ಬಿಟ್ಟು ಉಳಿದ ಎಲ್ಲ ರಾಜ್ಯಗಳಲ್ಲೂ ಆಸ್ಪತ್ರೆಗಳ ಮೇಲೋ ನರ್ಸಿಂಗ್ ಹೋಮ್‌ಗಳ (ಅಲ್ಲಿ ಹಾಗಂದರೆ ವೃದ್ಧರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಗಳು) ಮೇಲೋ ಇಂಥ ಒಂದಾದರೂ ತೆರಿಗೆ ಇದೆ. ಎಲ್ಲ ರಾಜ್ಯಗಳೂ ಹೀಗೇ ಪೂರ್ತಿ ವಾಪಸ್ ಕೊಡುವುದಿಲ್ಲ, ಕೆಲವು ಮಧ್ಯದಲ್ಲಿ ಒಂದಿಷ್ಟು ಇಟ್ಟುಕೊಳ್ಳುತ್ತವೆ.

ಇದನ್ನು ಟೀಕಿಸುವವರು ‘ಕೇಂದ್ರದ ಖಜಾನೆಗೆ ಕನ್ನ’ ಅನ್ನುತ್ತಾರೆ. ಆಸ್ಪತ್ರೆಗಳ ಉತ್ತರ ಬೇರೆ. ಮೆಡಿಕೇಡ್ ಮೂಲ ದರ ನಮ್ಮ ಖರ್ಚಿಗೂ ಸಾಲುವುದಿಲ್ಲ, ಈ ದಾರಿ ಮುಚ್ಚಿದರೆ ಬಡವರ ಚಿಕಿತ್ಸೆಗೇ ಪೆಟ್ಟು ಅನ್ನುತ್ತವೆ. ಎರಡೂ ನಿಜ. ದರ ಕಡಿಮೆ ಇಟ್ಟು, ಅದನ್ನು ಸರಿದೂಗಿಸಲು ಹಿಂಬಾಗಿಲು ತೆರೆದಿಟ್ಟ ವ್ಯವಸ್ಥೆಯಲ್ಲಿ ಯಾರನ್ನು ಬೈಯುವುದು?

2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಬೃಹತ್ ಕಾಯ್ದೆ ಈ ಬಾಗಿಲನ್ನು ಅರ್ಧ ಮುಚ್ಚಿತು. ಹೊಸ ತೆರಿಗೆ ಹಾಕುವಂತಿಲ್ಲ, ಇರುವುದನ್ನು ಏರಿಸುವಂತಿಲ್ಲ. ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಲ್ಲಿ ತೆರಿಗೆಯ ಮಿತಿ ಶೇ 6ರಿಂದ ಶೇ 3.5ಕ್ಕೆ ಇಳಿಯಬೇಕು. ನರ್ಸಿಂಗ್ ಹೋಮ್‌ಗಳಿಗೆ ಮಾತ್ರ ಈ ಇಳಿಕೆ ಅನ್ವಯಿಸದು. ಅವರ ಲಾಬಿ ಚೆನ್ನಾಗಿ ಕೆಲಸ ಮಾಡಿದೆ ಅಂತ ಓದಿಕೊಳ್ಳಬಹುದು. ಇಡೀ ಕಾಯ್ದೆಯಿಂದ 2034ರ ಹೊತ್ತಿಗೆ ಸುಮಾರು 1 ಕೋಟಿ ಜನ ವಿಮೆ ಕಳೆದುಕೊಳ್ಳುತ್ತಾರೆ ಎಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿ ಅಂದಾಜು ಮಾಡಿತು.

ಹಾಗಾದರೆ ಆಸ್ಪತ್ರೆಗಳ ಲಾಬಿ ಸೋತಿತೇ? ಸೋತಿತು, ನಿಜ. ಆದರೆ ಸೋಲನ್ನು ಹೇಗೆ ಸೋತಿತು ಅನ್ನುವುದನ್ನು ನೋಡಬೇಕು. ಮೇಲ್ಮನೆಯಾದ ಸೆನೆಟ್‌ನಲ್ಲಿ ಮತ ಸಮಸಮ ಆಗಿ, ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮತ ಹಾಕಿ 51–50ರಲ್ಲಿ ಪಾಸಾದ ಮಸೂದೆ ಇದು. ಒಂದೊಂದು ಮತಕ್ಕೂ ಬೆಲೆ ಇತ್ತು. ಹಳ್ಳಿ ಆಸ್ಪತ್ರೆಗಳ ಹೆಸರು ಹೇಳಿ ಕೆಲವು ರಿಪಬ್ಲಿಕನ್ ಸೆನೆಟರುಗಳು ತಕರಾರು ಎತ್ತಿದಾಗ, ಗ್ರಾಮೀಣ ಆರೋಗ್ಯಕ್ಕೆಂದು ಒಂದು ನಿಧಿ ಹುಟ್ಟಿತು. ಕರಡಿನಲ್ಲಿ 2,500 ಕೋಟಿ ಡಾಲರ್ ಇದ್ದದ್ದು ಕೊನೆಗೆ 5,000 ಕೋಟಿ ಆಯಿತು. ಮಿಸೌರಿಯ ಸೆನೆಟರ್ ಜಾಶ್ ಹಾಲಿ ಮಸೂದೆಗೆ ಮತ ಹಾಕಿದರು. ಎರಡೇ ವಾರದಲ್ಲಿ ಅದರ ಆಸ್ಪತ್ರೆ ತೆರಿಗೆಯ ಭಾಗವನ್ನೇ ರದ್ದು ಮಾಡುವ ಇನ್ನೊಂದು ಮಸೂದೆ ತಂದರು. ಇದು ಲಾಬಿಗಾರರಿಗೆ ಬಹಳ ಇಷ್ಟದ ಸ್ಥಿತಿ. ತಾನು ಹಾಕಿದ ಮತಕ್ಕೆ ತಾನೇ ಮುಜುಗರ ಪಡುವ ಸೆನೆಟರ್ ಬಳಿ ಮತ್ತೆ ಹೋಗಿ ಮಾತಾಡಲು ತುಂಬಾ ವಿಷಯ ಇರುತ್ತದೆ.

ರಾಜ್ಯಗಳ ಅಂಗಳ

ವಾಷಿಂಗ್ಟನ್ನಿನ ಸುದ್ದಿಯೇ ಜಾಸ್ತಿ ಬರುತ್ತದೆ. ಆದರೆ ಆಸ್ಪತ್ರೆಗಳ ಪಾಲಿಗೆ ರಾಜ್ಯ ಶಾಸನಸಭೆಗಳು ಕಡಿಮೆ ಮುಖ್ಯವೇನಲ್ಲ. ಅಲ್ಲಿ ಜನ ಕಡಿಮೆ, ಪತ್ರಕರ್ತರು ಇನ್ನೂ ಕಡಿಮೆ.

ನಾರ್ತ್ ಕ್ಯಾರೊಲಿನ ನೋಡಿ. ಅಲ್ಲಿ ಹೊಸ ಶಸ್ತ್ರಚಿಕಿತ್ಸಾ ಕೇಂದ್ರ ತೆರೆಯಲು, ಎಂಆರ್‌ಐ ಯಂತ್ರ ಹಾಕಲು ‘ಇದು ಬೇಕಾಗಿದೆ’ ಎಂಬ ಸರ್ಕಾರಿ ಪ್ರಮಾಣಪತ್ರ ಬೇಕಿತ್ತು. ಈ ಪದ್ಧತಿ ಶುರುವಾದದ್ದು 1964ರಲ್ಲಿ ನ್ಯೂಯಾರ್ಕ್‌ನಲ್ಲಿ. ಬೇಡದ ಕಡೆ ಹಾಸಿಗೆ ಹೆಚ್ಚಿಸಿ ಖರ್ಚು ಏರಿಸಬಾರದು ಅನ್ನುವ ಉದ್ದೇಶ. ಆಗಲೇ ಇರುವ ಆಸ್ಪತ್ರೆಗಳಿಗೆ ಇದು ಒಳ್ಳೇ ಕೋಟೆಗೋಡೆ. 2022ರಲ್ಲಿ ಮೆಡಿಕೇಡ್ ವಿಸ್ತರಣೆಯ ಜೊತೆ ಈ ಗೋಡೆಯನ್ನೂ ಇಳಿಸೋಣ ಎಂಬ ಮಾತು ಬಂದಾಗ ಆಸ್ಪತ್ರೆಗಳು ವಿರೋಧಿಸಿದವು, ಮಾತುಕತೆ ನಿಂತಿತು. 2023ರ ಮಾರ್ಚ್‌ನಲ್ಲಿ ರಾಜಿ ಆಯಿತು. ವಿಸ್ತರಣೆಯಲ್ಲಿ ರಾಜ್ಯ ಕೊಡಬೇಕಾದ ಶೇ 10ರ ಪಾಲಿಗೆ ಆಸ್ಪತ್ರೆಗಳೇ ಹಣ ಕಟ್ಟುತ್ತವೆ. ಬದಲಿಗೆ ಅವಕ್ಕೆ ಕೇಂದ್ರದಿಂದ ಹೆಚ್ಚಿನ ಮೆಡಿಕೇಡ್ ಹಣ. ಗೋಡೆಯೂ ಇಳಿಯುತ್ತದೆ, ಆದರೆ ಮೆಲ್ಲಗೆ. ದೊಡ್ಡ ಕೌಂಟಿಗಳಲ್ಲಿ, ಅಂದರೆ ಅಲ್ಲಿನ ಜಿಲ್ಲೆಗಳಲ್ಲಿ, ಶಸ್ತ್ರಚಿಕಿತ್ಸಾ ಕೇಂದ್ರಗಳಿಗೆ ಎರಡು ವರ್ಷದ ನಂತರ, ಎಂಆರ್‌ಐಗೆ ಮೂರು ವರ್ಷದ ನಂತರ ಬಿಡುಗಡೆ. ಆ ವರ್ಷಗಳನ್ನು ಎಣಿಸುವುದು ಯಾವಾಗಿನಿಂದ? ಆಸ್ಪತ್ರೆಗಳಿಗೆ ಹೊಸ ಹಣದ ಮೊದಲ ಕಂತು ತಲುಪಿದ ದಿನದಿಂದ. ಈ ಸಾಲು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಹಾಗಂತ ರಾಜಿ ಕೆಟ್ಟದ್ದು ಅನ್ನಲಾರೆ. ಅದರಿಂದ 6 ಲಕ್ಷಕ್ಕೂ ಹೆಚ್ಚು ಜನರಿಗೆ ವಿಮೆ ಸಿಕ್ಕಿತು.

ನರ್ಸುಗಳ ವಿಷಯದಲ್ಲಿ ಆಸ್ಪತ್ರೆ ಸಂಘಗಳ ಇನ್ನೊಂದು ಮುಖ ಕಾಣುತ್ತದೆ. ಒಬ್ಬ ನರ್ಸಿಗೆ ಇಂತಿಷ್ಟೇ ರೋಗಿಗಳು ಎಂದು ಕಾನೂನಿನಲ್ಲೇ ಬರೆಯಬೇಕು ಅನ್ನುವುದು ನರ್ಸುಗಳ ಸಂಘಟನೆಗಳ ಬೇಡಿಕೆ. ಕ್ಯಾಲಿಫೋರ್ನಿಯ 1999ರಲ್ಲಿ ಈ ಕಾಯ್ದೆ ತಂದಿತು, 2004ರಲ್ಲಿ ಜಾರಿಯಾಯಿತು. ಬೇರೆ ಕಡೆ ಇದು ಅಷ್ಟು ಸುಲಭವಾಗಲಿಲ್ಲ. 2018ರಲ್ಲಿ ಮ್ಯಾಸಚೂಸೆಟ್ಸ್ ಮತದಾರರ ಮುಂದೆ ಇದೇ ಪ್ರಶ್ನೆ ಬಂದಾಗ ಸುಮಾರು ಶೇ 70ರಷ್ಟು ಜನ ಬೇಡ ಅಂದರು. ಆಸ್ಪತ್ರೆಗಳು ಅಲ್ಲಿ ಭಾರಿ ಪ್ರಚಾರ ನಡೆಸಿದ್ದವು.

2023ರ ಮೇನಲ್ಲಿ ಮಿನ್ನೆಸೋಟದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ನರ್ಸುಗಳ ಸಂಖ್ಯೆಯ ಮಸೂದೆ ಮತ್ತು ಆರೋಗ್ಯ ಖರ್ಚಿನ ಮೇಲೆ ಕಣ್ಣಿಡುವ ಮಂಡಳಿಯ ಪ್ರಸ್ತಾಪ, ಎರಡೂ ಶಾಸನಸಭೆಯಲ್ಲಿದ್ದವು. ಇವು ಹೀಗೇ ಮುಂದುವರಿದರೆ ರಾಜ್ಯದಲ್ಲಿ ಮಾಡಬೇಕೆಂದಿರುವ ದೊಡ್ಡ ಹೂಡಿಕೆ ಕಷ್ಟ ಎಂದು ಮೇಯೊ ಕ್ಲಿನಿಕ್ ಎಂಬ ದೊಡ್ಡ ಆಸ್ಪತ್ರೆ ಸಂಸ್ಥೆ ಗವರ್ನರ್ ಕಚೇರಿಗೆ ಮತ್ತು ಶಾಸಕ ನಾಯಕರಿಗೆ ಇಮೇಲ್ ಕಳಿಸಿತು. ಇಮೇಲ್ ಹೊರಗೆ ಬಂತು, ಗಲಾಟೆಯಾಯಿತು. ಆದರೂ ಕೊನೆಗೆ ಪಾಸಾದ ಕಾಯ್ದೆಯಲ್ಲಿ ನರ್ಸುಗಳ ಸಂಖ್ಯೆ ತೀರ್ಮಾನಿಸುವ ಸಮಿತಿಗಳ ಸುದ್ದಿಯೇ ಇರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಮೇಯೊ ರಾಚೆಸ್ಟರ್ ನಗರದಲ್ಲಿ 500 ಕೋಟಿ ಡಾಲರ್ ಯೋಜನೆ ಘೋಷಿಸಿತು.

ಎದುರಾಳಿಗಳೂ ಸಣ್ಣವರಲ್ಲ

ಆಸ್ಪತ್ರೆಗಳು ಯಾವಾಗಲೂ ಜನರ ವಿರುದ್ಧವೇ ಲಾಬಿ ಮಾಡುತ್ತವೆ ಅಂದುಕೊಂಡರೆ ತಪ್ಪಾಗುತ್ತದೆ. ಎಷ್ಟೋ ಸಲ ಇದು ಆನೆಗಳ ಕಾಳಗ. 1992ರಲ್ಲಿ ಬಂದ ಔಷಧ ರಿಯಾಯಿತಿ ಯೋಜನೆಯ ವಿಷಯದಲ್ಲಿ ಔಷಧಿ ಕಂಪನಿಗಳ ಜೊತೆ ಜಗಳ. ದರದ ವಿಷಯದಲ್ಲಿ ವಿಮಾ ಕಂಪನಿಗಳ ಜೊತೆ. ಡಾಕ್ಟರುಗಳ ಜೊತೆಗೂ ಇದೆ. 2010ರ ಕಾಯ್ದೆ ಡಾಕ್ಟರುಗಳೇ ಮಾಲೀಕರಾದ ಹೊಸ ಆಸ್ಪತ್ರೆಗಳಿಗೆ ಮೆಡಿಕೇರ್ ಬಾಗಿಲು ಮುಚ್ಚಿತು. ಆ ನಿಷೇಧವನ್ನು ಇವತ್ತಿಗೂ ಬಿಗಿಯಾಗಿ ಹಿಡಿದುಕೊಂಡಿರುವುದು ಆಸ್ಪತ್ರೆ ಸಂಘಗಳೇ. ಲಾಭದ ರೋಗಿಗಳನ್ನು ಡಾಕ್ಟರುಗಳು ತಮ್ಮ ಆಸ್ಪತ್ರೆಗೆ ಆರಿಸಿಕೊಂಡು ಹೋಗುತ್ತಾರೆ ಅನ್ನುವುದು ಅವರ ವಾದ. ಅಲ್ಲೂ ಒಂದು ದಿನಾಂಕ ಇದೆ ನೋಡಿ: 2010ರ ಡಿಸೆಂಬರ್ 31.

2019ರಲ್ಲಿ ರೋಗಿಗಳ ತಲೆಗೆ ದಿಢೀರ್ ಬೀಳುವ ಬಿಲ್ಲುಗಳನ್ನು ತಡೆಯುವ ಮಸೂದೆ ಬಂದಾಗ, ಟಿವಿಯಲ್ಲಿ 2.8 ಕೋಟಿ ಡಾಲರ್‌ಗೂ ಹೆಚ್ಚಿನ ವಿರೋಧಿ ಜಾಹೀರಾತು ಹರಿಯಿತು. ಡಾಕ್ಟರು ಮತ್ತು ರೋಗಿಗಳ ಒಗ್ಗಟ್ಟು ಅನ್ನುವ ಅರ್ಥದ ಹೆಸರು ಆ ಗುಂಪಿಗೆ. ಹಣ ಕೊಟ್ಟವರು ಮಾತ್ರ ಹೂಡಿಕೆ ನಿಧಿಗಳು ನಡೆಸುವ ಎರಡು ದೊಡ್ಡ ವೈದ್ಯ ಸಿಬ್ಬಂದಿ ಕಂಪನಿಗಳು. 2020ರ ಡಿಸೆಂಬರ್‌ನಲ್ಲಿ ಕಾಯ್ದೆ ಬಂತು, ರೋಗಿಗೆ ರಕ್ಷಣೆ ಸಿಕ್ಕಿತು. ಆದರೆ ದರವನ್ನು ಕಾನೂನಿನಲ್ಲೇ ನಿಗದಿ ಮಾಡುವ ಬದಲು ಮಧ್ಯಸ್ಥಿಕೆಗೆ ಬಿಟ್ಟರು. ಆಸ್ಪತ್ರೆಗಳೂ ಡಾಕ್ಟರುಗಳೂ ಕೇಳಿದ್ದು ಅದನ್ನೇ.

ಈ ಎಲ್ಲ ಮೇಜುಗಳಲ್ಲಿ ಖಾಲಿ ಕುರ್ಚಿ ಒಂದೇ. ವಿಮೆಯ ಕಂತು ಕಟ್ಟುವ ಸಾಮಾನ್ಯ ಮನುಷ್ಯನದು. ಅವನ ಪರ ಮಾತಾಡುವ ಸಂಘಟನೆಗಳು ಇಲ್ಲವೆಂದಲ್ಲ, ಹಿರಿಯ ನಾಗರಿಕರ ಸಂಘಟನೆ ಸಾಕಷ್ಟು ಗಟ್ಟಿಯಾಗೇ ಇದೆ. ಆದರೆ ಒಂದು ದರ ಇಳಿದರೆ ಅವನಿಗೆ ಉಳಿಯುವುದು ವರ್ಷಕ್ಕೆ ಕೆಲವು ಡಾಲರ್. ಆಸ್ಪತ್ರೆಗೆ ಹೋಗುವುದು ಕೋಟಿಗಟ್ಟಲೆ. ಯಾರು ವಿಮಾನದ ಟಿಕೆಟ್ ತೆಗೆಸುತ್ತಾರೆ ಹೇಳಿ. 2023ರ ಡಿಸೆಂಬರ್‌ನಲ್ಲಿ, ಔಷಧಿಯ ಡ್ರಿಪ್‌ಗಾದರೂ ಎಲ್ಲ ಕಡೆ ಒಂದೇ ದರ ಇರಲಿ ಎಂಬ ಅಂಶವಿದ್ದ ಮಸೂದೆ ಕೆಳಮನೆಯಲ್ಲಿ 320–71 ಮತಗಳಿಂದ ಪಾಸಾಯಿತು. ಈಗಿನ ವಾಷಿಂಗ್ಟನ್ನಿನಲ್ಲಿ ಎರಡೂ ಪಕ್ಷ ಸೇರಿ ಇಷ್ಟು ಮತ ಹಾಕುವುದೇ ಅಪರೂಪ. ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಇನ್ನು 2025ರ ಕಾಯ್ದೆಯ ದಿನಾಂಕಗಳಿಗೆ ಬರೋಣ. ಗ್ರಾಮೀಣ ನಿಧಿಯ ಹಣ 2026ರಿಂದ ಐದು ವರ್ಷ ಹರಿಯುತ್ತದೆ. ಆಸ್ಪತ್ರೆ ತೆರಿಗೆಯ ಇಳಿಕೆ ಶುರುವಾಗುವುದು 2027ರ ಅಕ್ಟೋಬರ್ 1ಕ್ಕೆ, ಅಂದರೆ 2026ರ ನವೆಂಬರ್ ಚುನಾವಣೆ ಕಳೆದು ಸುಮಾರು ಹನ್ನೊಂದು ತಿಂಗಳ ಮೇಲೆ. ಅಲ್ಲಿಂದ ವರ್ಷಕ್ಕೆ ಅರ್ಧ ಅರ್ಧ ಶೇಕಡ, ಐದು ಮೆಟ್ಟಿಲು, 2031ರ ಅಕ್ಟೋಬರ್ ತನಕ. ಪ್ರತಿ ಮೆಟ್ಟಿಲಿಗೂ ಮೊದಲು ಒಂದು ಖರ್ಚಿನ ಮಸೂದೆ ಬರುತ್ತದೆ, ಅದಕ್ಕೊಂದು ಬಾಲ ಇರುತ್ತದೆ.